ಕ್ಯಾಲೆಂಡರಿನಲ್ಲಿ ಬರೆದಿಟ್ಟ ಪ್ರಶ್ನೆಗಳು

ಹೋದ ತಿಂಗಳು ಒಂದು ದಿನ ನನ್ನ ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ನಾನು ಅಲ್ಲೇ ಶೇಂಗಾ ಹುರಿಯುತ್ತಿದ್ದೆ. ಅವಳು ಈಗ ಸೊಲ್ಲಾಪುರದಲ್ಲೇ ಅಂಕಿಸಂಖ್ಯೆಯ ವಿಷಯ ತೆಗೆದುಕೊಂಡು ಎಂ.ಎಸ್ಸಿ. ಓದುತ್ತಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಹಿಡಿದಿರುವುದು ಕೊರೊನಾ ಕಾಲದ ವಿಷಯ. ಆಗ ಮನೆಯೊಳಗೆ ಕೂತ ಜನ ಮೊಬೈಲಿನಲ್ಲಿ ಏನೇನು ಹುಡುಕಿದರು, ಯಾವ ಮಾತನ್ನು ಎಷ್ಟು ಸಲ ಹುಡುಕಿದರು ಎಂದು ತೆಗೆದು ನೋಡಿದರೆ, ಯಾವ ವಾರದಲ್ಲಿ ಯಾವ ಸೀಮೆಯ ಮಂದಿಯ ಮನಸ್ಸು ಕುಸಿದಿತ್ತು ಎಂದು ತಿಳಿಯುತ್ತದಂತೆ. ಅದರಲ್ಲಿ ಯಾರ ಹೆಸರೂ ಇರುವುದಿಲ್ಲ, ಮನೆಯ ಗುರುತೂ ಇರುವುದಿಲ್ಲ. ಏರುವ, ಇಳಿಯುವ ಒಂದು ಗೆರೆ ಮಾತ್ರ.

"ಮಮ್ಮಿ, ನನ್ನ ಲಿಸ್ಟಿನ್ಯಾಗ ಎಲ್ಲಾ ಇಂಗ್ಲಿಷ್ ಶಬ್ದಾನ ಅವ. ಡಿಪ್ರೆಶನ್, ಸ್ಟ್ರೆಸ್, ಅಂಥವು. ನಮ್ಮ ಕಡಿ ಮಂದಿ ಹಂಗ ಕೇಳಿರ್ತಾರೇನ?"

"ಆ ಶಬ್ದ ನಮ್ಮ ಮಂದಿ ನಾಲಿಗಿ ಮ್ಯಾಲ ಹೊರಳೂದಿಲ್ಲ ತಗೀ," ಅಂದೆ.

"ಮತ್ತ ಏನಂತ ಕೇಳಿರ್ತಾರ?"

ನಾನು ಒಲೆ ಆರಿಸಿ ಒಳಗೆ ಹೋಗಿ, ಸೀರೆಯ ಟ್ರಂಕಿನ ತಳದಿಂದ ಆ ವರ್ಷದ ಗೋಡೆ ಕ್ಯಾಲೆಂಡರ್ ತಂದು ಮೇಜಿನ ಮೇಲೆ ಬಿಚ್ಚಿದೆ. ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆದರೂ ಬೇಸಿಗೆಯ ಆ ಎರಡು ಪುಟ ಕಂಡ ಕೂಡಲೇ ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅಲ್ಲಿ ಏನಿದೆ ಎಂಬುದು ಅವಳಿಗೆ ಗೊತ್ತಿತ್ತು.

ಕ್ಯಾಲೆಂಡರಿನ ಚೌಕದಲ್ಲಿ ಬರೆಯುವುದು ನನ್ನ ಹಳೆಯ ರೂಢಿ. ನಾನು ಅಕ್ಕಲಕೋಟ ತಾಲೂಕಿನ ಹಳ್ಳಿಯವಳು, ಕನ್ನಡ ಸಾಲೆಯಲ್ಲಿ ಓದಿದವಳು. ಮದುವೆಯಾಗಿ ಬಂದದ್ದು ಸೊಲ್ಲಾಪುರಕ್ಕೆ, ವಿಜಾಪುರ ರಸ್ತೆಯ ಒಂದು ವ್ಯಾಪಾರಸ್ಥರ ಮನೆಗೆ. ಚಾದರ, ಟವೆಲ್ಲುಗಳ ಅಂಗಡಿ ನಮ್ಮದು. ಇಲ್ಲಿ ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ಬರೆಯುವುದು ಮಾತ್ರ ಪೂರ್ತಿ ಮರಾಠಿ. ಹಾಗಾಗಿ ನನ್ನ ಕನ್ನಡ ಅಕ್ಷರಗಳಿಗೆ ಉಳಿದ ಜಾಗ ಎಂದರೆ ಆ ಚೌಕಗಳೇ. ಸಿಲಿಂಡರ್ ಹಚ್ಚಿದ್ದು, ಮೊಸರಿಗೆ ಹೆಪ್ಪು ಕೆಟ್ಟದ್ದು, ಉಪ್ಪಿನಕಾಯಿ ಹಾಕಿದ್ದು, ನಳ ಬಂದ ದಿನ. ನಮ್ಮ ಊರಲ್ಲಿ ನಳ ದಿನಾ ಬರುವುದಿಲ್ಲ, ಅದನ್ನು ಬರೆದಿಡಲೇಬೇಕು.

ಆ ಬೇಸಿಗೆಯ ಮೊದಲ ಪುಟದಲ್ಲಿ ಹೀಗಿದೆ: "ಅಂಗಡಿ ಬಂದ್." ಅದರ ಕೆಳಗಿನ ಸಾಲಿನಲ್ಲಿ: "ವೈನಿಯ ಅವ್ವ ಹೋದರು." ಮತ್ತೊಂದು ವಾರ ಬಿಟ್ಟು: "ಸೀರೆ ಕಳಿಸಿದೆ." ಮರುದಿನದ ಚೌಕದಲ್ಲಿ: "ಸೀರೆ ಮುಟ್ಟಿತು." ಅದರ ಪಕ್ಕ ಒಂದು ಸರಿ ಗುರುತು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಗಂಡನ ತಂಗಿಯನ್ನು ಮರಾಠಿ ಮಂದಿ ಕರೆಯುವ ಹಾಗೆ ನನ್ನನ್ನು 'ವನ್ಸ' ಅಂತ ಕರೆಯುತ್ತಾಳೆ. ನನ್ನ ತವರಿನಲ್ಲಿ ನನ್ನ ತಾಯಿ ಹೋದ ಮೇಲೆ ನನಗೆ ತಲೆಗೆ ಎಣ್ಣೆ ಹಚ್ಚಿದವಳು ಅವಳೇ. ಅವಳ ತವರು ಮಂಗಳವೇಢೆ. ಅಕ್ಕಲಕೋಟದ ಕಡೆಯಿಂದ ಅಲ್ಲಿಗೆ ಹೋಗಬೇಕಾದರೆ ಸೊಲ್ಲಾಪುರ ದಾಟಿಯೇ ಹೋಗಬೇಕು, ಆಗ ಸೊಲ್ಲಾಪುರಕ್ಕೆ ನಾಲ್ಕೂ ಕಡೆ ತಡೆ. ಅವಳ ತಾಯಿ ಜ್ವರ ಬಂದು ಮೂರು ದಿನದಲ್ಲಿ ತೀರಿಕೊಂಡರು. ವೈನಿ ಮಣ್ಣಿಗೆ ಹೋಗಲಿಲ್ಲ. ಮೊಬೈಲಿನಲ್ಲಿ ಯಾರೋ ತೋರಿಸಿದ್ದನ್ನು ಅಷ್ಟು ನೋಡಿದಳು. ಆ ಮೊಬೈಲೂ ನನ್ನದೇ. ಹಿಂದಿನ ದೀಪಾವಳಿಗೆ ನಾನು ಹೊಸದು ತಗೊಂಡಾಗ ಹಳೆಯದನ್ನು ಒರೆಸಿ ಅವಳ ಕೈಗೆ ಕೊಟ್ಟಿದ್ದೆ.

ಸಾವಾದ ಮನೆಗೆ ನೆಂಟರು ದುಖವಟಾ ತರುವುದು ನಮ್ಮ ಕಡೆಯ ಪದ್ಧತಿ. ದುಃಖದಲ್ಲಿ ಇದ್ದವರನ್ನು ಮಣೆಯ ಮೇಲೆ ಕೂಡಿಸಿ, ತಲೆಗೆ ಎಣ್ಣೆ ಇಟ್ಟು, ಹೊಸ ಬಟ್ಟೆ ಹೊದಿಸಿ, ಬಾಯಿಗೆ ಒಂದು ತುತ್ತು ಸಿಹಿ ಇಟ್ಟು, "ಇನ್ನ ಸಾಕ ಮಾಡ್ರಿ" ಅನ್ನುವುದು. ಅಲ್ಲಿಗೆ ಶೋಕ ಬಿಟ್ಟಂತೆ. ಆಮೇಲೆ ಅವರು ನಾಲ್ಕು ಜನರ ಮನೆಗೆ ಹೋಗಬಹುದು, ಹಬ್ಬ ಮಾಡಬಹುದು, ನಗಬಹುದು. ವೈನಿಗೆ ಅದನ್ನು ಮಾಡಬೇಕಾದವಳು ನಾನು. ಬಸ್ಸಿಲ್ಲ, ಬಾಡಿಗೆ ಗಾಡಿಯಿಲ್ಲ, ಅಂಗಡಿಯ ಗಾಡಿ ಇದ್ದರೂ ಇಂಥದ್ದಕ್ಕೆ ಪಾಸು ಸಿಗುತ್ತಿರಲಿಲ್ಲ. ಕೊನೆಗೆ ಕಪಾಟಿನಲ್ಲಿದ್ದ ಒಂದು ಹೊಸ ಇಳಕಲ್ ಸೀರೆಯನ್ನು ಕಾಗದದಲ್ಲಿ ಸುತ್ತಿ, ಸುತಳಿ ಕಟ್ಟಿ, ತರಕಾರಿ ತಂದು ಇಳಿಸಿ ಖಾಲಿ ಹೋಗುವ ಟೆಂಪೋದವನ ಕೈಯಲ್ಲಿ ಕಳಿಸಿದೆ. ಅಣ್ಣ ಫೋನ್ ಮಾಡಿ "ಮುಟ್ಟೇತಿ" ಅಂದ. ನಾನು ಸರಿ ಗುರುತು ಹಾಕಿದೆ. ಒಂದು ಕೆಲಸ ಮುಗಿಯಿತು ಅಂದುಕೊಂಡೆ.

ಎರಡು ವಾರದ ಮೇಲೆ ಒಂದು ಸಂಜೆ ಮಾವಿನಕಾಯಿ ಶರಬತ್ತನ್ನು ವರ್ಷಗಟ್ಟಲೆ ಇಡುವುದು ಹೇಗೆ ಎಂದು ನೋಡಲು ಮೊಬೈಲಿನಲ್ಲಿ ಹುಡುಕುವ ಜಾಗವನ್ನು ಒತ್ತಿದೆ. ಒತ್ತಿದ ಕೂಡಲೇ ಹಿಂದೆ ಹುಡುಕಿದ ಮಾತುಗಳು ಕೆಳಗೆ ಸಾಲಾಗಿ ಬೀಳುತ್ತವಲ್ಲ, ಹಾಗೆ ಬಿದ್ದವು. ಅದರಲ್ಲಿ ಮರಾಠಿಯಲ್ಲಿ ಒಂದು ಸಾಲು: "ಝೋಪ ಯೇತ ನಾಹಿ." ನಿದ್ದೆ ಬರುತ್ತಿಲ್ಲ. ಅದರ ಕೆಳಗೆ, ಎದೆಯಲ್ಲಿ ಧಡಧಡ ಆಗುವುದಕ್ಕೆ ಮನೆಮದ್ದು.

ನಾನು ಹುಡುಕಿದ್ದಲ್ಲ. ಮಗಳಿಗೆ ಬೇರೆ ಮೊಬೈಲ್ ಇತ್ತು. ಮಧ್ಯಾಹ್ನ ಊಟವಾದ ಮೇಲೆ ನಾನು ಒಳಕೋಣೆಯಲ್ಲಿ ಒರಗುತ್ತಿದ್ದೆ, ನನ್ನ ಮೊಬೈಲ್ ಹೊರಗೆ ಪಡಸಾಲೆಯ ಕಟ್ಟೆಯ ಮೇಲೆ ಚಾರ್ಜಿಗೆ ಇರುತ್ತಿತ್ತು. ಪಡಸಾಲೆಯಲ್ಲಿ ನನ್ನ ಯಜಮಾನರು ಇರುತ್ತಿದ್ದರು. ಮತ್ತೆ ಯಾರು?

ಅವರ ರೀತಿಯೂ ಹಾಗೇ ಇತ್ತು. ಮೂವತ್ತು ವರ್ಷ ದಿನಾ ಅಂಗಡಿಯ ಶಟರ್ ಎತ್ತಿದ ಮನುಷ್ಯ, ಈಗ ಮನೆಯಲ್ಲಿದ್ದ ಹತ್ತು ಸ್ಯಾಂಪಲ್ ಟವೆಲ್ಲುಗಳನ್ನು ಮಡಚುವುದು, ಬಿಚ್ಚುವುದು, ಮತ್ತೆ ಅಂಚಿಗೆ ಅಂಚು ಕೂಡಿಸಿ ಮಡಚುವುದು. ಕೇಳಿದರೆ, "ಏನಿಲ್ಲ, ಕೈಗೆ ರೂಢಿ ತಪ್ಪಬಾರದು," ಅನ್ನುವರು. ನೇರವಾಗಿ ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಕೇಳಿದರೆ ಅಡಗಿಸಿಯಾರು ಅನ್ನಿಸಿತು. ಹಾಗಾಗಿ ನನಗೆ ಬರುವ ಕೆಲಸವನ್ನೇ ಮಾಡಿದೆ: ದಿನಾ ನೋಡಿ, ಚೌಕದಲ್ಲಿ ಬರೆದಿಟ್ಟೆ. ಮರಾಠಿಯಲ್ಲಿ ಕಂಡದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೆ. ಮಗಳೂ ಓದುವುದಿಲ್ಲ, ಮರಾಠಿ ಸಾಲೆಯಲ್ಲಿ ಕಲಿತ ಇವರೂ ಓದುವುದಿಲ್ಲ ಎಂಬ ಧೈರ್ಯ. "ನಿದ್ದೆ ಇಲ್ಲ." "ಎದೆ ಧಡಧಡ." "ಊಟ ರುಚಿಸದಿದ್ದರೆ ಏನು ಮಾಡಬೇಕು." "ಕಿವಿಯಲ್ಲಿ ಕರೆದಂತೆ ಆಗುತ್ತದೆ." ಎಷ್ಟು ಹೊತ್ತಿಗೆ ಕೇಳಿದ್ದು ಎಂಬುದನ್ನೂ ಮಗಳಿಂದ ನೋಡುವುದು ಕಲಿತುಕೊಂಡೆ, ಯಾಕೆ ಎಂದು ಹೇಳದೆ. ಎಲ್ಲವೂ ಮಧ್ಯಾಹ್ನ ಎರಡರಿಂದ ಮೂರರ ನಡುವೆ.

ಆ ಹೊತ್ತಿಗೆ ಒರಗುವುದನ್ನು ಬಿಟ್ಟೆ. ಸಂಡಿಗೆ ಒಣಗಿಸುವ ನೆಪ ತೆಗೆದು ಅವರನ್ನು ಮಾಳಿಗೆಗೆ ಕರೆದುಕೊಂಡು ಹೋಗುವೆ, ಜೋಳ ಹಸನು ಮಾಡಲು ಕೂಡಿಸುವೆ. ಆಶ್ಚರ್ಯವೆಂದರೆ ಅವರು ಯಾವುದಕ್ಕೂ ಇಲ್ಲ ಅನ್ನಲಿಲ್ಲ. ಕರೆಯದಿದ್ದರೂ ಅಡಿಗೆಮನೆಗೆ ಬಂದು ಬೆಳ್ಳುಳ್ಳಿ ಸುಲಿಯುತ್ತ ಕೂಡತೊಡಗಿದರು.

"ಏನ್ರಿ ಇದು, ಸ್ವಯಂಪಾಕ ಕಲಿಯಾಕತ್ತೀರೇನು?" ಅಂದೆ ಒಮ್ಮೆ.

"ನೀ ಒಬ್ಬಾಕಿನ ಇರ್ತಿದಿ. ಕೂಡೂದಕ್ಕೂ ಪರವಾನಗಿ ಬೇಕೇನು?"

"ಕೂಡ್ರಿ. ಆದ್ರ ಬಳ್ಳೊಳ್ಳಿ ಸಿಪ್ಪಿ ಬಿಟ್ಟು ತಿರುಳ ಒಗಿಯಾಕತ್ತೀರಿ, ಅದನಷ್ಟ ನೋಡ್ರಿ."

ಮಗಳು ಬಾಗಿಲಲ್ಲಿ ನಿಂತು, "ಪಪ್ಪಾ ಮಮ್ಮಿ ಲಾಕ್‌ಡೌನಿನ್ಯಾಗ ಹೊಸಾ ಲಗ್ನ ಆಗ್ಯಾರ," ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಅವರಿಗೂ ಬರಲಿಲ್ಲ ಎಂಬುದನ್ನು ನಾನು ಗಮನಿಸಬೇಕಿತ್ತು.

ಇಷ್ಟು ಕಾವಲು ಕಾದರೂ ಪ್ರಶ್ನೆಗಳು ನಿಲ್ಲಲಿಲ್ಲ. ಅವರು ನನ್ನ ಕಣ್ಣಮುಂದೆಯೇ ಇದ್ದ ದಿನವೂ ಬಂದವು. ನನಗೆ ಅದರಿಂದಲಾದರೂ ಬುದ್ಧಿ ಬರಬೇಕಿತ್ತು. ನಾನು ಬಚ್ಚಲಿಗೆ ಹೋದಾಗಲೋ, ನಳಕ್ಕೆ ನೀರು ಬಂತೇ ಎಂದು ನೋಡಲು ಕೆಳಗಿಳಿದಾಗಲೋ ಕೇಳಿರಬೇಕು ಅಂದುಕೊಂಡೆ. ಒಂದು ಶುಕ್ರವಾರದ ಪಟ್ಟಿಯಲ್ಲಿ ಒಂದೇ ಸಾಲು ಇತ್ತು. ರೂಢಿಯಂತೆ ಬರೆದೆ: "ಬದುಕಬೇಕು ಅನ್ನಿಸುತ್ತಿಲ್ಲ."

ಮರುದಿನ ಚಹದ ಹೊತ್ತಿಗೆ ಅವರು ಕಪ್ಪನ್ನು ಕೆಳಗಿಟ್ಟರು.

"ನಾ ನಿನಗ ಏನ ಕಡಿಮಿ ಮಾಡೀನಿ?"

"ಯಾಕ್ರಿ, ಏನಾತು?"

ಗೋಡೆಯ ಕಡೆ ಕೈ ಮಾಡಿದರು. "ಬದುಕಬೇಕು ಅನ್ನಿಸುತ್ತಿಲ್ಲ. ನಿನ್ನ ಅಕ್ಷರ ಅಲ್ಲೇನು ಅದು? ಹದಿನೈದ ದಿನ ಆತು ಓದಾಕತ್ತೀನಿ. ಹೆಂಗ ಕೇಳಬೇಕು ತಿಳೀವಲ್ದು ನನಗ."

ನನ್ನ ಬಾಯಿಂದ ಮೊದಲು ಬಂದ ಮಾತು ನೆನೆದರೆ ಇವತ್ತೂ ನಾಚಿಕೆಯಾಗುತ್ತದೆ. "ನಿಮಗ ಕನ್ನಡಾ ಓದಾಕ ಬರ್ತದೇನ್ರಿ?"

"ವಿಜಾಪುರ ಗಿರಾಕಿ ಚೀಟಿ ಇಷ್ಟ ವರ್ಷ ಯಾರು ಓದ್ಯಾರಂತ ತಿಳಿದಿದ್ದಿ? ಮಾತ ಮರಸಬ್ಯಾಡ. ಹೇಳ."

"ಬರದಾಕಿ ನಾನು, ಖರೆ. ಕೇಳಿದವ್ರು ನೀವಲ್ಲೇನು?"

"ನಾನೇನ ಕೇಳೀನಿ?"

ಮೊಬೈಲ್ ತಂದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ತಲೆಯಲ್ಲಾಡಿಸಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಂದು ಕ್ಷಣ ಜೀವ ಹಗುರಾಯಿತು. ಇವರಲ್ಲ. ಮರುಕ್ಷಣವೇ ಇಬ್ಬರಿಗೂ ಒಟ್ಟಿಗೆ ಹೊಳೆದದ್ದು, ಹಾಗಾದರೆ ಯಾರು? ಇಬ್ಬರೂ ಎದ್ದು ಮಗಳ ಕೋಣೆಗೆ ಓಡಿದೆವು.

"ಮಮ್ಮಿ, ನಾನಲ್ಲ. ಆಣಿ ಮಾಡಿ ಹೇಳ್ತೀನಿ, ನಾನಲ್ಲ," ಅಂದಳು ಅವಳು, ನಮ್ಮ ಮುಖ ನೋಡಿಯೇ ಹೆದರಿ. ಮೊಬೈಲ್ ಇಸಿದುಕೊಂಡು, ನನಗೆ ಗೊತ್ತಿಲ್ಲದ ಒಂದು ಜಾಗ ತೆರೆದು, ಪಟ್ಟಿಯನ್ನು ಹಿಂದಕ್ಕೆ, ಹಿಂದಕ್ಕೆ ಸರಿಸಿದಳು. ನಾನು ನೋಡಿದ್ದಕ್ಕಿಂತ ಮುಂಚಿನವೂ ಇದ್ದವು. ಎಲ್ಲಕ್ಕೂ ಮೊದಲನೆಯದನ್ನು ಅವಳು ಗಟ್ಟಿಯಾಗಿ ಓದಿದಳು: "ದುಖವಟಾಚೀ ಸಾಡೀ ಪಾರ್ಸಲನೇ ಆಲೀ ತರ ಚಾಲತೇ ಕಾ?"

ದುಖವಟಾದ ಸೀರೆ ಪಾರ್ಸಲ್ಲಿನಲ್ಲಿ ಬಂದರೆ ನಡೆಯುತ್ತದೆಯೇ?

ನಾನು ಅಲ್ಲೇ ಅವಳ ಹಾಸಿಗೆಯ ತುದಿಯಲ್ಲಿ ಕೂತೆ.

ಹಳೆಯ ಮೊಬೈಲ್ ಕೊಡುವಾಗ ನನ್ನ ಖಾತೆಯನ್ನು ಅದರಿಂದ ತೆಗೆದಿರಲಿಲ್ಲ, ಅದಕ್ಕೇ ಅಲ್ಲಿ ಕೇಳಿದ್ದೆಲ್ಲ ಇಲ್ಲಿ ಕಾಣುತ್ತಿದೆ ಎಂದು ಮಗಳು ಬಿಡಿಸಿ ಹೇಳಿದಳು. ಮಾತಾಡಿದರೆ ಬರೆದುಕೊಳ್ಳುವ ವ್ಯವಸ್ಥೆಯನ್ನೂ ನಾನೇ ಮರಾಠಿಗೆ ಇಟ್ಟಿದ್ದೆ. ವೈನಿ ಮನೆಯಲ್ಲಿ ಕನ್ನಡದಲ್ಲಿ ಅಳುವವಳು, ಆ ಯಂತ್ರಕ್ಕಾಗಿ ತನ್ನ ಸಂಕಟವನ್ನು ಮರಾಠಿಗೆ ತಿರುಗಿಸಿ ಹೇಳುತ್ತಿದ್ದಳು. ಎರಡು ಗಂಟೆಗೆ, ಅಣ್ಣ ಉಂಡು ಹೊಲಕ್ಕೆ ಹೋದ ಮೇಲೆ.

ಕೂಡಲೇ ಅಣ್ಣನಿಗೆ ಫೋನ್ ಹಚ್ಚಿದೆ. "ವೈನಿ ಹೆಂಗದಾಳ?"

"ಅದಾಳ. ಮಾತ ಕಡಿಮಿ ಮಾಡ್ಯಾಳ. ಬಿಸಲಿಗೆ ಹಂಗ ಆಗೇತೇನೋ."

"ಅಣ್ಣಾ, ಬಿಸಲಲ್ಲ. ನಾ ಬರೂಮಟಾ ಹೊಲಕ್ಕ ಹೋಗಬ್ಯಾಡ. ಅಕಿನ್ನ ಒಬ್ಬಾಕಿನ್ನ ಬಿಡಬ್ಯಾಡ. ಬೇಕಾದ್ರ ಜಗಳಾ ಆಡಕೋತ ಕೂಡು, ಆದ್ರ ಬಾಜೂಕ ಕೂಡು."

ಯಜಮಾನರು ಪೊಲೀಸ್ ಚೌಕಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಮರುದಿನದ ಪಾಸು ತಂದರು. ಬೆಳಿಗ್ಗೆ ಎದ್ದು ಗೋಧಿ ಹುಗ್ಗಿ ಮಾಡಿ ಡಬ್ಬಿಗೆ ತುಂಬಿದೆ. ಅಕ್ಕಲಕೋಟದ ರಸ್ತೆಯಲ್ಲಿ ನಮ್ಮ ಗಾಡಿ ಒಂದೇ. ಕೊಳ್ಳುವವರಿಲ್ಲದೆ ಹೊಲದಲ್ಲೇ ಬಿಟ್ಟ ಕಲ್ಲಂಗಡಿಗಳು ಬಿಸಿಲಿಗೆ ಒಡೆದಿದ್ದವು. ಊರು ಹತ್ತಿರ ಬಂದಾಗ ಅವರು ಒಂದೇ ಮಾತು ಅಂದರು: "ಹೋಗಿ ಬರೆ ಅಳಕೋತ ಕೂಡಬ್ಯಾಡ. ನೆಟ್ಟಗ ಕೇಳು. ನಾ ನಿನ್ನ ಹದಿನೈದ ದಿನ ಕೇಳದ ಕುಂತು ತಪ್ಪ ಮಾಡೀನಿ."

ವೈನಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಅಣ್ಣ ಎದುರಿಗೆ ಕೂತು ಹಗ್ಗ ಹೊಸೆಯುವ ನೆಪ ಮಾಡುತ್ತಿದ್ದ. ಅವಳ ಕೂದಲು ಎಣ್ಣೆ ಕಾಣದೆ ಕೆಂಚಗೆ ತಿರುಗಿತ್ತು. ಅವಳ ಹಿಂದಿನ ಗೋಡೆಯ ಗೂಡಿನಲ್ಲಿ ನಾನು ಕಳಿಸಿದ ಪೊಟ್ಟಣ ಇತ್ತು. ನಾನು ಹಾಕಿದ ಸುತಳಿಯ ಗಂಟು ಹಾಗೇ ಇತ್ತು.

"ಬರ್ರಿ ವನ್ಸ. ಇಂಥಾದ್ರಾಗ ಯಾಕ ಬಂದ್ರಿ?" ಅಂದಳು. ದನಿ ಎಲ್ಲೋ ಬಾವಿಯ ಆಳದಿಂದ ಬಂದಂತಿತ್ತು.

ಗಂಡಸರನ್ನು ಹೊರಗೆ ಕಳಿಸಿ ಅವಳ ಎದುರಿಗೆ ಕೂತೆ. "ವೈನಿ, ಸಾಯಬೇಕು ಅನಸ್ತದೇನ್ರಿ ನಿಮಗ?"

ಅವಳು ನನ್ನ ಮುಖ ನೋಡಿದಳು. ಹಿಂದೆ ಮುಂದೆ ಏನೂ ಕೇಳಲಿಲ್ಲ. "ಹೂಂ," ಅಂದಳು. "ದಿನಾ ಅಲ್ಲ. ಎರಡ ಹೊಡದ್ರ ಅನಸ್ತದ. ದಿನಾ ಎರಡಕ್ಕ ಅವ್ವನ ಫೋನ್ ಬರ್ತಿತ್ತು."

ನಾನು ಪೊಟ್ಟಣದ ಕಡೆ ನೋಡಿದ್ದನ್ನು ಅವಳು ಕಂಡಳು. "ಅದನ್ನ ಬಿಚ್ಚಲಿಲ್ಲ. ನನಗ ನಾನ ಉಟಕೊಂಡ್ರ ಅದು ಬರೆ ಸೀರಿ. ಯಾರರ ಬಂದು ಸಾಕ ಅನಬೇಕಲ್ಲಾ? ಯಾರೂ ಅನಲಿಲ್ಲ. ಅದಕ್ಕ ನನಗ ಸಾಕ ಆಗವಲ್ದು."

"ನನ್ನ ಕೇಳಬೇಕಿಲ್ಲೇನ್ರಿ? ಮೊಬೈಲಿಗೆ ಕೇಳಿರಿ."

ಆ ಮಾತು ಬಾಯಿಂದ ಬಿದ್ದ ಮೇಲೆ ಹೇಳದೆ ವಿಧಿಯಿರಲಿಲ್ಲ. ಅವಳು ಕೇಳಿದ್ದೆಲ್ಲ ನನಗೆ ಕಂಡದ್ದು, ನಾನು ಬರೆದಿಟ್ಟದ್ದು, ಎಲ್ಲ ಹೇಳಿದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೆರಗಿನ ಒಳಗಿನಿಂದಲೇ ಅಂದಳು: "ನಿಮ್ಮನ್ನ ಕೇಳಿದ್ರ, ಬರಾಕಾಗಲಿಲ್ಲಂತ ನಿಮ್ಮ ಜೀವಕ್ಕ ಹತ್ತತಿತ್ತು. ಮೊಬೈಲಿಗೇನ ಹತ್ತತದ?"

ಎಣ್ಣೆಯ ಬಟ್ಟಲು ತಂದೆ. ಮಣೆ ಹಾಕಿ ಕೂಡಿಸಿ ತಲೆಗೆ ಎಣ್ಣೆ ಇಟ್ಟೆ, ನನಗೆ ಅವಳು ಇಟ್ಟಿದ್ದ ಹಾಗೆ. ಸುತಳಿಯ ಗಂಟು ಬಿಗಿದುಹೋಗಿತ್ತು, ಈಳಿಗೆಯಿಂದ ಕೊಯ್ದೆ. ಸೀರೆ ಬಿಚ್ಚಿ ಹೆಗಲಿಗೆ ಹೊದಿಸಿದೆ. ಅಣ್ಣನೂ ಯಜಮಾನರೂ ಬಂದು ಮುಖಪಟ್ಟಿ ಹಾಕಿಕೊಂಡು ದೂರ ನಿಂತರು. ಹುಗ್ಗಿಯ ತುತ್ತನ್ನು ಅವಳ ಬಾಯಿಗೆ ಇಟ್ಟು, "ಇನ್ನ ಸಾಕ ಮಾಡ್ರಿ ವೈನಿ," ಅಂದೆ. ಅವಳು ತುತ್ತನ್ನು ನುಂಗದೆ ಅತ್ತಳು. ತಾಯಿ ಹೋದ ಮೇಲೆ ಅವಳು ಸದ್ದು ಮಾಡಿ ಅತ್ತದ್ದು ಅದೇ ಮೊದಲು ಎಂದು ಅಣ್ಣ ಆಮೇಲೆ ಹೇಳಿದ.

ಅಷ್ಟಕ್ಕೆ ಎಲ್ಲ ಸರಿಯಾಯಿತು ಅಂತ ಬರೆದರೆ ಸುಳ್ಳಾದೀತು. ಅವಳನ್ನು ಅದೇ ಗಾಡಿಯಲ್ಲಿ ಸೊಲ್ಲಾಪುರಕ್ಕೆ ಕರೆತಂದೆವು. ಮನಸ್ಸಿನ ಡಾಕ್ಟರ್ ಒಬ್ಬರು ಮೊದಲು ಫೋನಿನಲ್ಲಿ, ಆಮೇಲೆ ಎದುರಿಗೆ ಕೂಡಿಸಿಕೊಂಡು ಅವಳ ಜೊತೆ ಮಾತಾಡಿದರು. ಗುಳಿಗೆ ನಡೆದವು, ವರ್ಷದ ಮೇಲೂ. ಎರಡು ತಿಂಗಳು ನಮ್ಮಲ್ಲಿದ್ದಳು. ನಡುವೆ ಬಹಳ ಕೆಟ್ಟ ದಿನಗಳೂ ಬಂದವು, ಅವೂ ಚೌಕಗಳಲ್ಲಿವೆ. ಚಳಿಗಾಲದಲ್ಲಿ ಬಸ್ಸು ಸುರುವಾದ ಮೇಲೆ ನಾವಿಬ್ಬರೇ ಮಂಗಳವೇಢೆಗೆ ಹೋಗಿ ಅವಳ ತಾಯಿಯ ಮಣ್ಣಿನ ಮೇಲೆ ಹೂವಿಟ್ಟು ಬಂದೆವು.

ಆ ಎರಡು ತಿಂಗಳು ಮುಗಿದು ಊರಿಗೆ ಮರಳುವ ಮುಂಚೆ ವೈನಿ ಮಗಳ ಮುಂದೆ ಮೊಬೈಲ್ ಹಿಡಿದಿದ್ದಳು. "ಇದರಾಗಿಂದ ನಿಮ್ಮವ್ವನ್ನ ತಗದಬಿಡ ತಂಗೀ. ಇನ್ನ ಏನರ ಕೇಳೂದಿದ್ರ ಅಕಿಗೇ ಫೋನ್ ಮಾಡ್ತೀನಿ." ಮಗಳು ತೆಗೆದಳು. ನನಗೆ ಒಳಗೊಳಗೆ ಭಯವಾಯಿತು. ಅಂದಿನಿಂದ ಎರಡು ಹೊಡೆದರೆ ನಾನು ಮೊಬೈಲ್ ಬಿಟ್ಟು ಏಳುವುದಿಲ್ಲ. ಅವಳು ಮಾಡದಿದ್ದರೆ ನಾನು ಮಾಡುತ್ತೇನೆ.

ಇದನ್ನೆಲ್ಲ ಮತ್ತೊಮ್ಮೆ ಕೇಳಿಸಿಕೊಂಡ ಮಗಳು ಲ್ಯಾಪ್‌ಟಾಪಿನ ಗೆರೆಯನ್ನು ನನ್ನ ಕಡೆ ತಿರುಗಿಸಿದಳು. ಆ ಬೇಸಿಗೆಯಲ್ಲಿ ಗೆರೆ ಸ್ವಲ್ಪ ಮೇಲೆದ್ದಿತ್ತು.

"ಇದರಾಗ ನಿನ್ನ ಮಾಮಿ ಎಲ್ಲದಾಳ?" ಅಂದೆ.

"ಇರಬೇಕಂದ್ರ ಆ ಶಬ್ದ ನನ್ನ ಲಿಸ್ಟಿನ್ಯಾಗ ಇರಬೇಕ ಮಮ್ಮಿ. ನಿದ್ದಿ, ಎದಿ ಧಡಧಡ ಹಾಕ್ತೀನಿ. ಆದ್ರ ದುಖವಟಾ ಅಂತ ಯಾರ ಹಾಕ್ಯಾರ?" ಅವಳು ಕ್ಯಾಲೆಂಡರ್ ನೋಡಿದಳು. "ಇವನ್ನ ತಗೋಲೇನು?"

"ನನ್ನ ಕೇಳಬ್ಯಾಡ. ಅವು ನನ್ನವಲ್ಲ."

ಗಡಿಯಾರ ನೋಡಿದೆ. ಎರಡಕ್ಕೆ ಐದು ನಿಮಿಷ ಕಡಿಮೆ ಇತ್ತು. ಮೇಜಿನ ನಡುವೆ ಮೊಬೈಲ್ ಇಟ್ಟುಕೊಂಡು ಇಬ್ಬರೂ ಕಾದೆವು. ಅದು ಬಡಿದುಕೊಂಡ ಕೂಡಲೇ ಮಗಳೇ ಎತ್ತಿ, ತಡವರಿಸುತ್ತ ಎಲ್ಲ ಹೇಳಿ, ಪರವಾನಗಿ ಕೇಳಿದಳು. ಆ ಕಡೆ ತೊಗರಿ ಒಕ್ಕುವ ರಾಶಿ ಮಷಿನ್ನಿನ ಗದ್ದಲ.

"ಬರಕೊ," ಅಂದಳು ವೈನಿ, ಗದ್ದಲದ ಮೇಲೆ ದನಿ ಎತ್ತಿ. "ಹೆಸರ ಹಾಕಬ್ಯಾಡ. ಆದ್ರ ಕೇಳಿದಾಕಿ ಇನ್ನೂ ಅದಾಳಂತ ಬರಿ. ತೊಗರಿ ರಾಶಿ ನಡದದ, ಹತ್ತ ಮಂದಿಗೆ ರೊಟ್ಟಿ ಬಡದು ಸಾಕಾಗ್ಯಾಳಂತ ಬರಿ. ನಿಮ್ಮವ್ವಗ ಕೊಡು, ಹೆಪ್ಪು ಯಾಕ ಕೆಡತದಂತ ಕೇಳೂದದ."

ಅಂಥದ್ದನ್ನು ಹಾಕಲು ತನ್ನ ಗೆರೆಯಲ್ಲಿ ಜಾಗವಿಲ್ಲ ಎಂದು ಮಗಳು ಸಣ್ಣಗೆ ಅಂದಳು. ನಾನು ಮೊಬೈಲ್ ಕಿವಿಗಿಟ್ಟುಕೊಂಡು ಗೋಡೆಯ ಹತ್ತಿರ ಹೋಗಿ, ಆ ದಿನದ ಚೌಕದಲ್ಲಿ, ನಳ ಬಂದದ್ದರ ಕೆಳಗೆ ಬರೆದೆ: "ಎರಡು ಗಂಟೆ. ವೈನಿ. ಹೆಪ್ಪು."